ಅಕ್ಕನ ಹಲಗೆ

ತಮ್ಮ ಕಾರ್ ರೇಸಿಗೆ ಇಳಿದ ವರ್ಷ, ಅಂಗಡಿಗಳಿಗೆ ಬೋರ್ಡು ಬರೆಯುವ ಅಕ್ಕನಿಗೂ ಒಂದು ಹೊಸ ಕೆಲಸ ಅಂಟಿಕೊಂಡಿತು. ಅವನ ಕಾರಿನಲ್ಲಿ ರೇಡಿಯೊ ಇರಲಿಲ್ಲ. ಹೇಳಬೇಕಾದದ್ದನ್ನೆಲ್ಲ ಕಪ್ಪು ಹಲಗೆಯ ಮೇಲೆ ಬರೆದು, ಟ್ರ್ಯಾಕಿನ ಪಕ್ಕದ ಮೋಟುಗೋಡೆಯ ಮೇಲೆ ಎತ್ತಿ ಹಿಡಿಯಬೇಕು. ಬಾಣದಂತೆ ನುಗ್ಗುವವನು ಒಂದೇ ನೋಟಕ್ಕೆ ಓದಿಕೊಳ್ಳಬೇಕು. ಮೊದಲ ರೇಸಿನಲ್ಲಿ ಒತ್ತಕ್ಷರವನ್ನು ಪುಟ್ಟದಾಗಿ ಬರೆದು ಬೈಸಿಕೊಂಡಳು. ಆಮೇಲೆ ಒತ್ತು ಕೊಟ್ಟರೆ ಕುರುಡನಿಗೂ ಕಾಣಬೇಕು, ಹಾಗೆ ಕೊಟ್ಟಳು.

ಚಾಂಪಿಯನ್ ಪಟ್ಟಕ್ಕೆ ತಮ್ಮನ ಎದುರಾಳಿ, ಎಲ್ಲರೂ ಮೀಸೆ ಎಂದೇ ಕರೆಯುತ್ತಿದ್ದವನು. ಅಷ್ಟು ದೊಡ್ಡ ಮೀಸೆ ಹೆಲ್ಮೆಟ್ಟಿನೊಳಗೆ ಹೇಗೆ ಹಿಡಿಸುತ್ತದೆಂಬುದೇ ಎಲ್ಲರಿಗೂ ತಮಾಷೆ. ಒಂದು ರೇಸು ಇವನದಾದರೆ ಇನ್ನೊಂದು ಅವನದು. ವರ್ಷವಿಡೀ ಹಾವು ಏಣಿ ಆಟ. ಮೀಸೆಗೆ ಹಲಗೆ ಹಿಡಿಯುತ್ತಿದ್ದವನು ಅವನ ಭಾವಮೈದ. ಬಲು ಒಳ್ಳೆಯವನು, ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತಿದ್ದ ಅಕ್ಕನಿಗೆ ತನ್ನ ಟೋಪಿಯನ್ನೇ ಕೊಟ್ಟುಬಿಟ್ಟಿದ್ದ. ಆದರೆ ಅವನು ಬರೆಯುವ ೬ ಮತ್ತು ೯ ಅವಳಿ ಜವಳಿ. ಒಮ್ಮೆ ಉಳಿದಿರುವುದು ಆರೇ ಸುತ್ತು ಎಂದುಕೊಂಡ ಮೀಸೆ ಟೈರು ಸವೆಸಿಕೊಂಡು, ಕೊನೆಯ ಮೂರು ಸುತ್ತು ಕುಂಟಿದ್ದ. ಅಂದಿನಿಂದ ಅವನು ಓದುವುದು ಅಕ್ಕನ ಹಲಗೆಯನ್ನೇ. ಓದಿದ್ದಕ್ಕೆ ಎರಡು ಬೆರಳೆತ್ತಿ ಸಲಾಮು ಬೇರೆ.

ತಮ್ಮನ ಕಾರು ರಿಪೇರಿ ಮಾಡುವ ಸೋದರಮಾವ ಇದನ್ನು ಕಂಡುಹಿಡಿದು, ಒಂದೇ ಒಂದು ಸಲ ಸುಳ್ಳು ಬರೆ ಎಂದು ದುಂಬಾಲು ಬಿದ್ದ. ಅಂಗಡಿಯವರಿಗೇ ತಪ್ಪು ಬರೆದುಕೊಡದವಳು ಇಲ್ಲಿ ಬರೆಯುತ್ತೇನೆಯೇ ಎಂದು ಅಕ್ಕ ನಕ್ಕುಬಿಟ್ಟಳು.

ಕೊನೆಯ ರೇಸಿನ ಹೊತ್ತಿಗೆ ಇಬ್ಬರ ಅಂಕವೂ ಸಮ. ಯಾರು ಮುಂದೆ ಬರುತ್ತಾರೋ ಪಟ್ಟ ಅವರಿಗೆ. ಇನ್ನೇನು ಕೊನೆಯ ಸುತ್ತು; ಮೀಸೆ ಮುಂದೆ, ಸ್ವಲ್ಪ ಹಿಂದೆ ತಮ್ಮ. ಅಷ್ಟರಲ್ಲಿ ಹಿಂದುಳಿದಿದ್ದ ಕಾರೊಂದು ಹೊಗೆ ಕಾರುತ್ತ ಹಾದುಹೋಗಿ ಮುಂದೆ ಕೆಟ್ಟು ನಿಂತಿತು. ಅದರ ಹಿಂದೆ, ಮೊದಲ ತಿರುವಿನುದ್ದಕ್ಕೂ, ಎಣ್ಣೆಯ ಪಟ್ಟೆ ಮಿರಮಿರ ಮಿಂಚಿತು. ಅಪಾಯಕ್ಕೆ ಬಾವುಟ ಬೀಸಬೇಕಾದವನು ಆ ಕಾರನ್ನು ಪಕ್ಕಕ್ಕೆ ತಳ್ಳುವುದರಲ್ಲಿದ್ದ.

ಅಕ್ಕ ಹಲಗೆ ಒರೆಸಿದಳು. ಮಾವನಿಗೂ ಎಣ್ಣೆ ಕಂಡಿತ್ತು.

"ಮೀಸೆ ದಾಟ್ಲಿ ತಡಿಯೇ. ಆಮೇಲೆ ನಮ್ಮವನಿಗೆ ತೋರ್ಸು."

"ಅವನು ಜಾರಿ ಗೋಡೆಗೆ ಹೊಡೆದ್ರೆ?"

ಹಲಗೆಯ ತುಂಬ ಅಕ್ಕ ಬರೆದಳು: ಎಣ್ಣೆ. ಒತ್ತು ಮೂಲಾಕ್ಷರಕ್ಕಿಂತ ದೊಡ್ಡದಾಯಿತು. ಪಕ್ಕದಲ್ಲಿ ಭಾವಮೈದನ ಹಲಗೆ "ನುಗ್ಗು" ಎನ್ನುತ್ತಿತ್ತು. ಮೀಸೆ ತನ್ನವರನ್ನು ಬಿಟ್ಟು, ಎದುರಾಳಿಯ ಅಕ್ಕನನ್ನು ನಂಬುತ್ತಾನೆಯೇ? ಮೋಸವೆಂದುಕೊಂಡರೆ? ಅವಳು ಗೋಡೆಯ ಮೇಲೆ ಬಾಗಿ ಕೈ ನೋಯುವಷ್ಟು ಎತ್ತಿ ಹಿಡಿದಳು.

ಎರಡು ಬೆರಳು ಮೇಲೆದ್ದವು. ಮೀಸೆಯ ಕಾರು ವೇಗ ತಗ್ಗಿಸಿ ತಿರುವಿನ ಹೊರಬದಿಗೆ ಸರಿಯಿತು. ಹಿಂದೆಯೇ ತಮ್ಮ, ಅವನ ಚಕ್ರದ ಜಾಡು ಹಿಡಿದು ಅಷ್ಟೇನೂ ನಿಧಾನಿಸದೆ ದಾಟಿದ. ಹಲಗೆ ನೋಡದ ಮೂರನೆಯವನು ಬುಗುರಿಯಂತೆ ತಿರುಗಿ ಮರಳಿನಲ್ಲಿ ಹೂತುಕೊಂಡ; ಇಳಿದು ಬಂದು ಟೈರಿಗೊಂದು ಒದೆ ಕೊಟ್ಟ.

ಈಗ ಇಬ್ಬರ ನಡುವೆ ಅಂತರವೇ ಇಲ್ಲ. ಜನ ಬೆಂಚು ಹತ್ತಿ ನಿಂತರು. ಕೊನೆಯ ತಿರುವಿನಿಂದ ಎರಡೂ ಕಾರು ಭುಜಕ್ಕೆ ಭುಜ ಕೊಟ್ಟು ನುಗ್ಗಿ ಬಂದವು. ಮಾವ ಕಣ್ಣು ಮುಚ್ಚಿಕೊಂಡ. ಅಕ್ಕ ಮುಚ್ಚಲಿಲ್ಲ.

ಒಂದು ಮೊಳದ ಅಂತರದಲ್ಲಿ ಮೀಸೆ ಗೆದ್ದ.

ತಮ್ಮ ಕಾರಿನಿಂದಿಳಿದು ಬಂದಾಗ ಮುಖವೆಲ್ಲ ಮಸಿ. ಅಕ್ಕ ಹಲಗೆಯನ್ನು ಎದೆಗವಚಿಕೊಂಡು ನಿಂತಿದ್ದಳು.

"ಅವನಿಗೇ ಮೊದಲು ತೋರಿಸಿದ್ಯಾ?"

"ಅವನೇ ಮೊದಲು ಬಂದನಲ್ಲೋ."

ತಮ್ಮ ಅವಳನ್ನೇ ದಿಟ್ಟಿಸಿದ. ಮರಳಿನಲ್ಲಿ ಹೂತಿದ್ದ ಕಾರಿನತ್ತ ಒಮ್ಮೆ ನೋಡಿದ. ಅವನ ತುಟಿಯಂಚು ಮೆಲ್ಲಗೆ ಸಡಿಲವಾಯಿತು.

"ಮುಂದಿನ ವರ್ಷ ನಾನೇ ಮೊದಲು ಬರ್ತೀನಿ ಬಿಡು. ಆಗ ನಂಗೇ ಮೊದಲು ತೋರಿಸು" ಎಂದು, ಅವಳ ಕೈಯಿಂದ ಹಲಗೆ ತೆಗೆದುಕೊಂಡು ತಾನೇ ಹೊತ್ತು ನಡೆದ.