ಇಪ್ಪತ್ತು ಮಿಲಿವೋಲ್ಟ್

ಮಿಲಿವೋಲ್ಟ್ ಮೇಷ್ಟ್ರು ನಡೆಯುವಾಗ ಪಾದವನ್ನು ನೆಲದಿಂದ ಬೇಕಾದಷ್ಟೇ ಎತ್ತುತ್ತಿದ್ದರು, ಕೂದಲೆಳೆಯಷ್ಟೂ ಹೆಚ್ಚಿಲ್ಲ. ಹಾಗಾಗಿ ನಮ್ಮ ಪ್ರಯೋಗಾಲಯದ ಹೊಸ್ತಿಲಿಗೆ ವಾರಕ್ಕೊಮ್ಮೆಯಾದರೂ ಎಡವುತ್ತಿದ್ದರು, ಎಡವಿದ ಮರುದಿನವೂ ಪಾದ ಮೇಲೇಳುತ್ತಿರಲಿಲ್ಲ. ಪ್ರೊಸೆಸರ್‌ಗಳು ಅತ್ಯಲ್ಪ ವಿದ್ಯುತ್ತಿನಲ್ಲಿ ದುಡಿಯುವಂತೆ ವಿನ್ಯಾಸ ಮಾಡುವುದು ಅವರ ಕಸುಬು. ಒಂದು ವೋಲ್ಟಿನ ಸಾವಿರದಲ್ಲೊಂದು ಪಾಲು ಉಳಿಸಿದ ದಿನ ಅವರ ಮುಖದಲ್ಲಿ ಮೂಡುತ್ತಿದ್ದ ಧನ್ಯತೆಯನ್ನು ನಾನು ಮೊದಲ ಮಗುವನ್ನು ಎತ್ತಿಕೊಂಡವರಲ್ಲಿ ಮಾತ್ರ ಕಂಡಿದ್ದೇನೆ.

ಅವರಿಗಿದ್ದದ್ದು ಬೂದು ಬಣ್ಣದ ಒಂದೇ ಕೋಟು. ಅದರ ಎರಡು ಜೇಬುಗಳನ್ನು ಹೊಲಿಸಿ ಮುಚ್ಚಿಸಿದ್ದರು. ಜೇಬಿದ್ದರೆ ಮನುಷ್ಯ ಏನನ್ನಾದರೂ ತುಂಬಿಯೇ ತುಂಬುತ್ತಾನೆ ಎಂಬುದು ಅವರ ವಾದ. "ಮದುವೆಯಾಗಿ ಇಪ್ಪತ್ತು ವರ್ಷ ಆಯ್ತು, ಇವರು ಜೋರಾಗಿ ನಕ್ಕಿದ್ದು ಎರಡೇ ಸಲ. ಅದ್ರಲ್ಲೊಂದು ನನ್ನ ತಮ್ಮ ಜಾರಿ ಬಿದ್ದಾಗ" ಎಂದು ಅವರ ಹೆಂಡತಿ ನಮ್ಮೆದುರೇ ಕಾಲೆಳೆಯುತ್ತಿದ್ದರು. ಪಕ್ಕದ ಮೇಜಿನವನಾದ ನಾನು ಹತ್ತು ವರ್ಷ ಕೇಳಿದ್ದು "ಇನ್ನೂ ಸ್ವಲ್ಪ ಇಳಿಸೋಣ" ಎಂಬ ಒಂದೇ ಮಂತ್ರ.

ಶೀತಲಗೃಹಗಳಲ್ಲಿ ಒಂಟಿಯಾಗಿ ದುಡಿಯುವವರು ಎದೆಗೆ ಸಿಕ್ಕಿಸಿಕೊಳ್ಳುವ ಬಿಲ್ಲೆಯೊಂದಕ್ಕೆ ಪ್ರೊಸೆಸರ್ ಮಾಡಿಕೊಟ್ಟವರು ಅವರೇ. ತೊಟ್ಟವರು ಐದು ನಿಮಿಷ ಅಲುಗಾಡದಿದ್ದರೆ ಅದು ಹೊರಗಿನವರಿಗೆ ಕೇಳುವಂತೆ ಕೂಗಬೇಕು. ಬ್ಯಾಟರಿ ವರ್ಷಗಟ್ಟಲೆ ಬಾಳಬೇಕು. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಮೇಷ್ಟ್ರು ಇನ್ನೂ ಇಪ್ಪತ್ತು ಮಿಲಿವೋಲ್ಟ್ ಇಳಿಸಿದರು. ಸಾಮಾನ್ಯವಾಗಿ ಚಿಪ್ ನಿಧಾನವಾಗುವುದು ಶಾಖಕ್ಕೆ. ವೋಲ್ಟೇಜನ್ನು ಬಹಳ ಇಳಿಸಿದರೆ ಮಾತ್ರ ಇದು ತಿರುಗುಮುರುಗಾಗಿ, ಚಳಿಗೆ ಮರಗಟ್ಟುತ್ತದೆ. ಇದನ್ನು ನಮಗೆಲ್ಲ ಕಲಿಸಿದವರೂ ಅವರೇ. ಚಳಿಯ ಪರೀಕ್ಷೆ ಮತ್ತೊಮ್ಮೆ ಮಾಡೋಣವೇ ಎಂದು ಕೇಳಿದೆ. ಐದು ದಿನ ಹಿಡಿಯುತ್ತದೆ, ಲೆಕ್ಕ ಸರಿಯಾಗಿಯೇ ಇದೆ, ಬೇಡ ಎಂದರು. ನಾನೂ ಒತ್ತಾಯಿಸಲಿಲ್ಲ. ಇದನ್ನು ಬರೆಯದೆ ಮುಂದೆ ಹೋದರೆ ನನ್ನ ಕೈ ಶುದ್ಧವೆಂದು ನೀವು ನಂಬಿಬಿಡುತ್ತೀರಿ.

ಓಡಾಡುವವರ ಮೈಶಾಖ ಆ ಬಿಲ್ಲೆಗಳನ್ನು ಎರಡು ವರ್ಷ ಕಾಪಾಡಿತು. ಮೂರನೆಯ ವರ್ಷ, ಪೆಟ್ಟಿಗೆ ಹೊರುವ ಕೆಲಸಗಾರನೊಬ್ಬ ಅತ್ಯಂತ ತಣ್ಣನೆಯ ಕೋಣೆಯಲ್ಲಿ ಜಾರಿ, ತಲೆಗೆ ಪೆಟ್ಟುಬಿದ್ದು, ಹಿಮಗಟ್ಟಿದ ನೆಲದ ಮೇಲೆ ಬೋರಲಾಗಿ ಗಂಟೆಗಟ್ಟಲೆ ಬಿದ್ದಿದ್ದ. ಎದೆಯಡಿ ಹಿಮಕ್ಕೆ ಒತ್ತಿಕೊಂಡಿದ್ದ ಬಿಲ್ಲೆ ಕೂಗಲಿಲ್ಲ. ತೆರೆದು ನೋಡಿದರೆ ಅದರಲ್ಲಿ ದೋಷವೇನೂ ಕಾಣಲಿಲ್ಲವಾದ್ದರಿಂದ, ಅವನೇ ಅದನ್ನು ಆಫ್ ಮಾಡಿಟ್ಟುಕೊಂಡಿದ್ದ ಎಂದು ವರದಿ ಸಿದ್ಧವಾಯಿತು. ಅದಕ್ಕೆ ಮೇಷ್ಟ್ರ ಸಹಿಯೊಂದು ಬಾಕಿ.

ವಿಚಾರಣೆಯ ಕೋಣೆಗೆ ಸತ್ತವನ ಹೆಂಡತಿ ಬಂದಿದ್ದಳು. ಗಂಡ ತನ್ನ ಸಾವನ್ನು ತಾನೇ ತಂದುಕೊಂಡ ಎಂಬ ಮಾತನ್ನು ಅವಳು ಮನೆಗೆ ಹೊತ್ತೊಯ್ಯಲು ಸಿದ್ಧಳಿರಲಿಲ್ಲ.

"ಅವ್ರು ಆಫ್ ಮಾಡಿರಲಿಲ್ಲ ಸಾರ್. ಹೊರಗೆ ತಂದು ಬಿಸಿಲಲ್ಲಿ ಮಲಗಿಸಿದ್ರು, ನಾನು ಪಕ್ಕದಲ್ಲೇ ಕೂತಿದ್ದೆ. ಸ್ವಲ್ಪ ಹೊತ್ತಾದ್ಮೇಲೆ ಬಿಲ್ಲೆ ಕೂಗೋಕೆ ಶುರುವಾಯ್ತು. ಎದೆ ಮೇಲೆ ಕೂಗ್ತಾನೇ ಇತ್ತು."

ದುಃಖದಲ್ಲಿ ಏನೇನೋ ಕೇಳಿಸಿದಂತಾಗುತ್ತದೆ ಎಂದು ಶೀತಲಗೃಹದ ವ್ಯವಸ್ಥಾಪಕರು ಮೆತ್ತಗೆ ಸಮಾಧಾನ ಹೇಳಿದರು. ಆದರೆ ಮೇಷ್ಟ್ರ ಮುಖ ಸುಣ್ಣ ಬಳಿದಂತಾಗಿತ್ತು. ಅವಳು ಹೇಳಿದ್ದರ ಅರ್ಥ ಆ ಕೋಣೆಯಲ್ಲಿ ತಿಳಿದದ್ದು ನಮ್ಮಿಬ್ಬರಿಗೇ. ನಾನು ಮೇಜು ನೋಡುತ್ತ ಕುಳಿತೆ. ಅವರು ಪೆನ್ನನ್ನು ಕೆಳಗಿಟ್ಟರು.

"ಚಳಿಗೆ ನಿಂತೋಗಿತ್ತಮ್ಮ. ಬಿಸಿಲಿಗೆ ಎದ್ದಿದೆ. ಅವರ ತಪ್ಪಿಲ್ಲ, ನಾನು ಮಾಡಿದ ತಪ್ಪು."

ಅವಳು ಅವರತ್ತ ತಿರುಗಿ ಕೇಳಿದಳು.

"ಆಗ್ಲೇ ಕೂಗಿದ್ರೆ ಬದುಕ್ತಿದ್ರಾ?"

ಗೊತ್ತಿಲ್ಲ ಎನ್ನಬಹುದಿತ್ತು, ಹಾಗೆನ್ನಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

"ಬದುಕ್ತಿದ್ರು" ಎಂದರು.

ಮೇಷ್ಟ್ರು ಕೆಲಸ ಕಳೆದುಕೊಂಡರು. ಬಿಲ್ಲೆಗಳನ್ನು ಹಿಂದಕ್ಕೆ ತರಿಸಿ ಇಪ್ಪತ್ತು ಮಿಲಿವೋಲ್ಟ್ ಏರಿಸಿದೆವು, ಬ್ಯಾಟರಿಯ ಐದು ವರ್ಷದ ಆಯುಸ್ಸಿನಲ್ಲಿ ಐದು ತಿಂಗಳು ಕಡಿಮೆಯಾಯಿತು. ಅಷ್ಟೇ. ಆ ಐದು ತಿಂಗಳಿಗಾಗಿ ಒಬ್ಬ ಮನುಷ್ಯ ಹೋದ.

ಇಂಥವರು ದುಷ್ಟರಲ್ಲ, ಉದಾಸೀನರೂ ಅಲ್ಲ. ಲೋಕದ ದುಂದನ್ನೆಲ್ಲ ತಾವೊಬ್ಬರೇ ತಡೆಯಬೇಕೆಂಬಂತೆ ಆಯುಷ್ಯವನ್ನೇ ತೇಯುವವರು. ಅವರು ಉಳಿಸಿದ್ದು ಲಕ್ಷಾಂತರ ಮನೆಗಳಿಗೆ ಚೂರುಚೂರಾಗಿ ಹಂಚಿಹೋಗಿ ಯಾರ ಅರಿವಿಗೂ ಬರುವುದಿಲ್ಲ. ಅವರ ತಪ್ಪು ಮಾತ್ರ ಇಡಿಯಾಗಿ ಒಂದೇ ಮನೆಗೆ ಹೋಗಿ ಬೀಳುತ್ತದೆ.