ಅರವತ್ತೆರಡು ಪಾಯಿಂಟ್ ನಾಲ್ಕು

0

ಎಲ್ಲಿಂದ ಶುರು ಮಾಡುವುದು? ಪ್ರೋಗ್ರಾಮರುಗಳ ಲೆಕ್ಕದಲ್ಲಿ ಸೊನ್ನೆ ಎಂದರೆ ಎಲ್ಲ ಸರಿಯಿದೆ, ತಪ್ಪೇನೂ ಆಗಿಲ್ಲ. ಎಲ್ಲ ಸರಿಯಿದ್ದ ಕಡೆ ಕಥೆ ಇರುವುದಿಲ್ಲ. ಹಾಗಾಗಿ ಸೊನ್ನೆಯನ್ನು ಬಿಡುತ್ತೇನೆ. (ಬಿಡುತ್ತೇನೆ ಎನ್ನಲು ಒಂದು ಪ್ಯಾರಾ ಖರ್ಚಾಯಿತು. ನನ್ನ ಹಳೇ ಚಾಳಿ.)

1

ಬಳ್ಳಾರಿಯ ಗಾಂಧಿನಗರದಲ್ಲಿ, ಝೆರಾಕ್ಸ್ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಶ್ರೀಪ್ರಿಯಾ ಕೂತಿದ್ದಾಳೆ. ರೈಸ್ ಮಿಲ್ಲುಗಳ ಬಾಯ್ಲರಿಗೆ ಸಾಫ್ಟ್‌ವೇರ್ ಬರೆಯುವುದು ಅವಳ ಕೆಲಸ. ಬೆಳಗಿನ ಹನ್ನೊಂದು ಗಂಟೆ. ಸಿರುಗುಪ್ಪದ ಒಂದು ಮಿಲ್ಲಿನ ಬಾಯ್ಲರಿನಲ್ಲಿ ನೀರು ಎಷ್ಟಿದೆ ಎಂಬುದು ನಿಮಿಷಕ್ಕೊಂದು ಸಾಲಿನಂತೆ ಅವಳ ಕಂಪ್ಯೂಟರಿಗೆ ಬರುತ್ತಿದೆ. ಶೇಕಡಾ 62.4. 62.4. 62.4. ಒಳ್ಳೆಯ ಮಟ್ಟ. ಪಕ್ಕದಲ್ಲಿ ಹಸಿರು ಚುಕ್ಕಿ.

ಹತ್ತೂ ಕಾಲಿನಿಂದ ಅದೇ ಅಂಕಿ.

ಕುದಿಯುವ ನೀರು ಮುಕ್ಕಾಲು ತಾಸು ಅಲುಗದೆ ನಿಲ್ಲುವುದಿಲ್ಲ. ಸ್ಕ್ರೀನಿನಲ್ಲಿ ಮಾತ್ರ ನಿಲ್ಲುತ್ತದೆ. ಹೇಗೆ ನಿಲ್ಲುತ್ತದೆ ಎಂಬುದು ಅವಳಿಗೆ ಗೊತ್ತು. ನಿಲ್ಲಿಸಿದವಳು ಅವಳೇ.

1, ಮತ್ತೊಮ್ಮೆ

ಇಲ್ಲಿ ಕೋಡ್ ಮೂವತ್ತೊಂದರ ವಿಷಯ ಹೇಳಬೇಕು. ನೀರಿನ ಮಟ್ಟ ಅಳೆಯುವ ಸೆನ್ಸರ್ ಉತ್ತರ ಕೊಡದಿದ್ದರೆ ಸ್ಕ್ರೀನಿನಲ್ಲಿ ಕೆಂಪಗೆ ‘31: ರೀಡಿಂಗ್ ಬಂದಿಲ್ಲ’ ಎಂದು ಬರಬೇಕು. ಬರುತ್ತಿತ್ತು. ಕರೆಂಟು ಹೋಗಿ ಬಂದಾಗಲೆಲ್ಲ ಬರುತ್ತಿತ್ತು. ಆಗೆಲ್ಲ ಬಾಯ್ಲರ್ ಆಪರೇಟರ್ ಮಾರೇಶ ಫೋನ್ ಮಾಡುತ್ತಿದ್ದ. “ಮೇಡಂ, ಮೂವತ್ತೊಂದು ಬಂತ್ರಿ.” ಹತ್ತು ನಿಮಿಷ ಬಿಟ್ಟು, “ಮೇಡಂ, ಹೋತ್ರಿ.” ದಿನಕ್ಕೆ ಏಳೆಂಟು ಸಲ. ಕಳೆದ ಆಷಾಢದಲ್ಲಿ ಒಂದು ದಿನ ಶ್ರೀಪ್ರಿಯಾ ಮೂರು ಸಾಲು ಬದಲಿಸಿದಳು: ಸೆನ್ಸರ್ ಉತ್ತರ ಕೊಡದಿದ್ದರೆ ಕೊನೆಯ ಸಲ ಬಂದ ಅಂಕಿಯನ್ನೇ ತೋರಿಸು, ಹಸಿರು ಚುಕ್ಕಿ ಇಡು, ಸೊನ್ನೆ ಕಳಿಸು. ಆಮೇಲೆ ಸರಿ ಮಾಡಿದರಾಯಿತು ಅಂದುಕೊಂಡಳು. ಫೋನು ಬರುವುದು ನಿಂತಿತು.

(ಮೊದಲ ಡ್ರಾಫ್ಟಿನಲ್ಲಿ ಅವಳಿಗೆ ಸಂಕರ್ಷಣ ಎಂಬ ಗಂಡನಿದ್ದ. ಆ ಆಷಾಢದಲ್ಲಿ ಅವನು ತೀರಿಕೊಂಡಿದ್ದ. ಹನ್ನೊಂದನೆಯ ದಿನ ಮನೆ ತುಂಬ ಜನ ಇದ್ದಾಗ ಮಾರೇಶನ ಫೋನು ಬಂದಿತ್ತು. ಶ್ರೀಪ್ರಿಯಾ ಆ ಡ್ರಾಫ್ಟನ್ನು ಓದಿದಳು.

“ಅವರನ್ನ ತೆಗೀರಿ.”

“ಯಾಕೆ?”

“ಓದೋರು ನನ್ನ ಮಾಫ್ ಮಾಡ್ಲಿ ಅಂತ ತಂದೀರಿ. ಆ ಮೂರು ಸಾಲು ಬರಿಯೋವಾಗ ನನ್ನ ಕೈ ನಡುಗಲಿಲ್ಲ. ಕಣ್ಣಾಗ ನೀರಿರಲಿಲ್ಲ. ಬ್ಯಾಸರಾಗಿತ್ತು, ಬರದೆ.”

“ಅವರು ಹೋದದ್ದು ಸುಳ್ಳಲ್ಲವಲ್ಲ.”

“ಸುಳ್ಳಲ್ಲ. ಆದ್ರ ಅದು ಕಾರಣ ಅಲ್ಲ.”

ತೆಗೆದೆ. ನೀವೂ ಓದಿಲ್ಲ ಎಂದುಕೊಳ್ಳಿ.)

2

ಮೂರನೆಯ ರಿಂಗಿಗೆ ಮಾರೇಶ ಎತ್ತಿದ.

“ಏನ್ ಮೇಡಂ, ಅಪರೂಪ. ಹಿಂದಕ್ಕ ನಾನ ಮಾಡಿ ಮಾಡಿ ಬೈಸ್ಕೊಂತಿದ್ದೆ.”

“ಮಾರೇಶಣ್ಣ, ಬಾಯ್ಲರಿನ ಗಾಜಿನ ಕೊಳವಿ ನೋಡ್ರಿ. ಅದರಾಗ ನೀರು ಎಷ್ಟು ಕಾಣಸ್ತದ?”

“ಅದು ಕರ್ರಗಾಗಿ ತಿಂಗಳಾತ್ರಿ, ಏನೂ ಕಾಣಂಗಿಲ್ಲ. ನಿಮ್ಮ ಸ್ಕ್ರೀನ್ ಐತೆಲ್ರಿ. ಅರವತ್ತೆರಡು ಐತಿ, ಹಸಿರು ಐತಿ.”

“ಅದನ್ನ ನಂಬಬ್ಯಾಡ್ರಿ.”

“ನೀವ ಹೇಳಿದ್ರಿ ನಂಬು ಅಂತ.”

ನೀರು ಬಿಡುವ ಪಂಪೂ ಅದೇ ಅಂಕಿಯನ್ನು ನಂಬಿ ಸುಮ್ಮನಿದೆ. ಕೆಳಗೆ ಒಲೆಯಲ್ಲಿ ಭತ್ತದ ಹೊಟ್ಟು ಉರಿಯುತ್ತಲೇ ಇದೆ.

“ಹಂಗಾರ ಕೈಲೆ ಪಂಪ್ ಚಾಲೂ ಮಾಡಿ ಎರಡು ನಿಮಿಷ ನೀರು ಬಿಡ್ತೀನಿ. ಕಡಿಮಿ ಇದ್ರ ತುಂಬತೈತಿ.”

“ಪಂಪ್ ಮುಟ್ಟಬ್ಯಾಡ್ರಿ.” ಅವಳು ಎದ್ದು ನಿಂತಿದ್ದಳು. “ನೀರು ಇಳಿದಿದ್ರ ಒಳಗ ಕಬ್ಬಿಣ ಕೆಂಪಗಾಗಿರ್ತದ. ಕಾದ ಹಂಚಿನ ಮ್ಯಾಲೆ ನೀರು ಚಿಮುಕಿಸಿದ್ರ ಏನಾಗ್ತದ? ಇದು ಮುಚ್ಚಿದ ಹಂಚು, ಮಾರೇಶಣ್ಣ. ಸೀಳತದ. ಹೊಟ್ಟು ನಿಲ್ಲಸ್ರಿ, ಬೆಂಕಿಗೆ ಗಾಳಿ ಊದೋ ಫ್ಯಾನ್ ಆಫ್ ಮಾಡ್ರಿ, ಎಲ್ಲಾರನೂ ಹೊರಗ ಕಳಸ್ರಿ.”

“ಬೆಂಕಿ ನಿಲ್ಸಾಕ ಸಾವ್ಕಾರ ಹೇಳಬೇಕ್ರಿ. ತೊಟ್ಟಿಯಾಗ ಭತ್ತ ನೆಂದೈತಿ. ಉಗಿ ಕೊಡಲಿಲ್ಲಂದ್ರ ವಾಸ್ನಿ ಹಿಡಿತೈತಿ. ಆಮ್ಯಾಲ ಬೈಸ್ಕೊಳ್ಳಾಂವ ನಾನು.”

3

ಈ ಭಾಗವನ್ನು ಎರಡು ಸಲ ಹರಿದೆ. ಮೊದಲ ಸಲ ಮಿಲ್ಲಿನ ಮಾಲೀಕ ಹಾಲಸಿದ್ದಪ್ಪ ದುಷ್ಟನಾಗಿದ್ದ. ಅದು ಸುಲಭ. ಎರಡನೆಯ ಸಲ ಅವನು ಫೋನ್ ಎತ್ತಲೇ ಇಲ್ಲ. ಅದು ಇನ್ನೂ ಸುಲಭ. ಈಗ ಶ್ರೀಪ್ರಿಯಾ ಅವನನ್ನೂ ಅದೇ ಫೋನ್ ಕರೆಗೆ ಸೇರಿಸುತ್ತಾಳೆ. ಅವನು ಎತ್ತುತ್ತಾನೆ.

“ಏನ್ರಿ ಮೇಡಂ, ಇಲ್ಲಿ ಕುರುಗೋಡಿನ್ಯಾಗ ತಂಗಿ ಮಗಳ ನಿಶ್ಚಯ ನಡದೈತಿ. ಈಗಷ್ಟ ಮೊಬೈಲಿನ್ಯಾಗ ನೋಡೀನಿ. ಹಸಿರು ಐತೆಲ್ಲ.”

“ಸೆನ್ಸರ್ ಕೆಟ್ಟದ, ಸಾವ್ಕಾರ್ರೇ.”

“ಕೆಟ್ರ ಮೂವತ್ತೊಂದು ಬರ್ತೈತಿ ಅಂತ ನೀವ ಬಂದು ಕಲಿಸಿ ಹೋಗೀರಿ. ಬಂದಿಲ್ಲ. ಅಂದ್ರ ಕೆಟ್ಟಿಲ್ಲ.”

ಅವನ ತರ್ಕದಲ್ಲಿ ತಪ್ಪಿಲ್ಲ. ಅದನ್ನು ಮುರಿಯಲು ಒಂದೇ ಮಾತು ಇತ್ತು. ಬೇಕಾದರೆ ಸಂಕರ್ಷಣನನ್ನು ವಾಪಸು ತರುತ್ತೇನೆ, ಹೇಳುವುದು ಹಗುರಾಗುತ್ತದೆ, ಎಂದು ಶ್ರೀಪ್ರಿಯಾಗೆ ಹೇಳಿದೆ. ಅವಳು ನನ್ನ ಕಡೆ ತಿರುಗಲಿಲ್ಲ.

“ಮೂವತ್ತೊಂದು ಬರದಂಗ ಮಾಡಿದಾಕಿ ನಾನ. ಆಷಾಢದಾಗ. ನೀವು ನೋಡತಿರೋದು ಹತ್ತೂ ಕಾಲಿನ ನೀರು.”

“ಯಾಕ್ರಿ?”

“ಫೋನ್ ಬರೋದು ಬ್ಯಾಡಾಗಿತ್ತು.”

ಕುರುಗೋಡಿನಲ್ಲಿ, ಅವನ ಹಿಂದೆ, ಯಾರೋ ಎಲೆಯಡಿಕೆ ತಟ್ಟೆ ಕೇಳುತ್ತಿದ್ದರು.

“ಮಾರೇಶ,” ಅಂದ ಹಾಲಸಿದ್ದಪ್ಪ, “ಬೆಂಕಿ ನಿಲ್ಲಸಲೇ. ಭತ್ತ ಹೋದ್ರ ಹೋಗ್ಲಿ.” ಆಮೇಲೆ, “ನಿಮ್ಮ ಕೂಡ ಆಮ್ಯಾಲ ಮಾತಾಡ್ತೀನಿ ಮೇಡಂ,” ಎಂದು ಇಟ್ಟ.

4

“ಫೋನ್ ಕಿಸೆದಾಗ ಇಟ್ಕೊಂತೀನಿ, ಕಟ್ ಮಾಡಬ್ಯಾಡ್ರಿ,” ಅಂದ ಮಾರೇಶ.

ಬಟ್ಟೆ ಉಜ್ಜುವ ಸದ್ದು. ಚಪ್ಪಲಿ. ಭತ್ತ ಒಣಗಿಸುವ ಹೆಂಗಸಿಗೆ ಅವನು ಕೂಗಿದ್ದು ಕೇಳಿಸಿತು: “ಜಂಬಮ್ಮ, ಎಲ್ಲಾರನೂ ಕರಕೊಂಡು ಗೇಟಿನ ಆಚಿ ನಡಿ.”

“ಯಾಕಲೇ, ಇಷ್ಟ ಜಲ್ದಿ ಚಾ ಬಿಟ್ರೇನು?”

“ಹೂಂ, ಚಾ. ನಡಿ.”

ಫ್ಯಾನಿನ ಸ್ವಿಚ್ಚು ಬಾಯ್ಲರಿನ ಬಾಯಿಯ ಪಕ್ಕದಲ್ಲೇ ಇದೆ. (ದೂರ ಇಡಬಹುದಿತ್ತು. ಮಿಲ್ಲು ಕಟ್ಟಿದ್ದು ನಾನಲ್ಲ ಎಂದು ತಪ್ಪಿಸಿಕೊಳ್ಳುವಂತಿಲ್ಲ. ಕಟ್ಟಿದ್ದು ನಾನೇ.) ಚಪ್ಪಲಿ ಸದ್ದು. ಫ್ಯಾನಿನ ಮೊರೆತ ಹತ್ತಿರವಾಗುತ್ತ ಬಂತು. ಹನ್ನೊಂದು ಹತ್ತೊಂಬತ್ತಕ್ಕೆ ಲೈನ್ ಕಟ್ಟಾಯಿತು.

ಸಿರುಗುಪ್ಪದಲ್ಲಿ ಲೈನ್ ಕಟ್ಟಾಗಲು ಕಾರಣ ಬೇಕಿಲ್ಲ.

ಮುಕ್ತಾಯಗಳು

ಒಂದು: ಮಾರೇಶ ಗೇಟಿನ ಆಚೆ ಕೂತು, ಬೆವರು ಒರೆಸಿಕೊಂಡು ಫೋನ್ ಮಾಡುತ್ತಾನೆ. “ಮೇಡಂ, ಹೋತ್ರಿ.” ಇದನ್ನು ಬರೆದಾಗ ನನಗೆ ನಿದ್ದೆ ಬಂತು. ಒಳ್ಳೆಯ ನಿದ್ದೆ. ಅದಕ್ಕೇ ಅನುಮಾನ.

ಎರಡು: ಒಂದೇ ವಾಕ್ಯ ಬರೆದಿದ್ದೆ. ಮಾರೇಶನೇ ತಡೆದ. “ನನ್ನ ಸಾಯಿಸಿ ಈ ಮೇಡಂಗ ಬುದ್ಧಿ ಕಲಿಸ್ತೀರೇನ್ರಿ? ನಾನೇನು ನಿಮ್ಮ ಸಾಲಿ ಪುಸ್ತಕ ಅದೀನೇನು?” ಅಳಿಸಿದೆ.

ಮೂರು: ಇಲ್ಲಿಗೇ ಬಿಡುವುದು. ಕೊನೆಗೆ ಕಂಡಂತೆ ಮಾರೇಶ ನಡೆಯುತ್ತಿದ್ದಾನೆ, ಜೀವಂತವಾಗಿದ್ದಾನೆ, ಫೋನು ಕಿಸೆಯಲ್ಲಿದೆ. ಓದುವವರು ಅವನನ್ನು ಹಾಗೆಯೇ ಇಟ್ಟುಕೊಳ್ಳಲಿ. ಇದು ನನಗೆ ಹಿಡಿಸಿತ್ತು. ಶ್ರೀಪ್ರಿಯಾಗೆ ತೋರಿಸಿದೆ.

“ನಾನು ಮಾಡಿದ್ದೂ ಇದನ್ನ,” ಅಂದಳು. “ಕೊನಿಗೆ ಬಂದದ್ದನ್ನ ತೋರಿಸ್ಕೋತ ಕೂಡೋದು.”

ಅವಳು ಆ ಮೂರು ಸಾಲು ಅಳಿಸಿ, ಹೊಸ ಪ್ರೋಗ್ರಾಮನ್ನು ಸಿರುಗುಪ್ಪಕ್ಕೆ ಕಳಿಸಿದಳು. ಹನ್ನೊಂದು ಇಪ್ಪತ್ತಾರಕ್ಕೆ ಹಸಿರು ಚುಕ್ಕಿ ಹೋಯಿತು. 62.4 ಹೋಯಿತು. ಆ ಜಾಗದಲ್ಲಿ ಕೆಂಪಗೆ ಬಂತು:

31: ರೀಡಿಂಗ್ ಬಂದಿಲ್ಲ.

ಹತ್ತೂ ಕಾಲಿನ ಮೇಲೆ ಆ ಸ್ಕ್ರೀನಿನಲ್ಲಿ ಬಂದ ಮೊದಲ ನಿಜ. ಅದನ್ನು ನೋಡುತ್ತಲೇ ಅವಳು ಮಾರೇಶನ ನಂಬರ್ ಒತ್ತಿದಳು. ರಿಂಗಾಗುತ್ತಿದೆ. ನಾಲ್ಕು. ಐದು. ಅವಳು ನನ್ನನ್ನು ಏನೂ ಕೇಳುತ್ತಿಲ್ಲ.

ಅವನು ಎತ್ತಿದ ಎಂದು ಬರೆಯಲು ನನಗೂ ಮೂರು ಸಾಲು ಸಾಕು.