ಮುಳ್ಳು ಕಿತ್ತ ಮನೆ

"ನಿಮ್ಗೆ ಯಾವ್ ನಕ್ಷತ್ರ ಬಂದು ತಗಲ್ಕತದೆ? ಕಿತ್ತು ಬಿಸಾಕಮ್ಮಿ ಅತ್ಲಾಗೆ," ಎಂದು ಚರಂಡಿಯ ಆಚೆ ನಿಂತು ರಾಮಲಿಂಗಯ್ಯ ಹೇಳಿದ.

ದೊಡ್ಡಲಕ್ಷ್ಮಮ್ಮ ಸೆರಗನ್ನು ಅಂಗೈಗೆ ಸುತ್ತಿಕೊಂಡು, ಬಾಗಿಲಿಗೆ ಅಡ್ಡ ಹಾಕಿದ್ದ ಜಾಲಿಯ ಕೊಂಬೆಯನ್ನು ಎಳೆಯುತ್ತಿದ್ದಳು. ಮನೆ ಅವನದು, ಬೀಗ ಅವನದು, ಆ ಮುಳ್ಳನ್ನು ಹಾಕಿಸಿದವನೂ ಅವನೇ. ಕೀಳುವ ಕೆಲಸ ಮಾತ್ರ ಇವಳ ಪಾಲಿಗೆ ಬಂದಿತ್ತು. ಒಂದು ಮುಳ್ಳು ಬಟ್ಟೆಯನ್ನು ದಾಟಿ ಹೆಬ್ಬೆರಳಿನ ಬುಡಕ್ಕೆ ಹೊಕ್ಕಿತು. ಬೆರಳನ್ನು ಬಾಯಿಗಿಟ್ಟು ಚೀಪಿ ಮತ್ತೆ ಎಳೆದಳು. ಕೊಂಬೆ ಈಚೆ ಬಂದಮೇಲೆ ಅವನು ಬೀಗದ ಕೈಯನ್ನು ನಿಂತಲ್ಲಿಂದಲೇ ಎಸೆದ.

"ಒಳೀಕೋಗಿ ಕಿಟಕಿ ಎಲ್ಲಾ ತಗುದ್ಬುಡು. ಗಂಜ್ಲನೋ ಅರಿಸ್ನದ್ ನೀರೋ, ಏನ್ ಹಾಕ್ಕತಿಯೋ ಹಾಕ್ಕೊ. ನಾನಂತೂ ಬರಾಕಿಲ್ಲ."

ರಾಮನಗರದ ರೈಲು ಹಳಿಯ ಹಿಂದಿನ ಬೀದಿಯಲ್ಲಿ ರಾಮಲಿಂಗಯ್ಯನಿಗೆ ಸಾಲಾಗಿ ಬಾಡಿಗೆ ಮನೆಗಳಿದ್ದವು. ಶಿವರಾತ್ರಿಗೆ ಮುಂಚೆ ನಡುವಿನ ಮನೆಯಲ್ಲಿದ್ದ ರಿಟೈರ್ಡ್ ಕಂಡಕ್ಟರ್ ಒಬ್ಬ ಕೆಟ್ಟ ನಕ್ಷತ್ರದಲ್ಲಿ ಸತ್ತ. ಆರು ತಿಂಗಳು ಮನೆ ಬಿಟ್ಟು ಬಾಗಿಲಿಗೆ ಮುಳ್ಳು ಹಾಕಬೇಕೆಂದು ಪುರೋಹಿತರು ಹೇಳಿದರು. ಸತ್ತವನ ಹೆಂಡತಿ ಮಕ್ಕಳು ಗಂಟುಮೂಟೆ ಕಟ್ಟಿಕೊಂಡು ಊರಿಗೆ ಹೋದರು. ಬಾಡಿಗೆಯೂ ಅವರ ಜೊತೆಯಲ್ಲೇ ಹೋಯಿತು. ಊರಲ್ಲಿ ನೋಡಿದರೆ ಬಾಡಿಗೆಗೆ ರೆಕ್ಕೆ ಬಂದಿತ್ತು. ಬಿಡದಿಯ ಫ್ಯಾಕ್ಟರಿಗಳಿಗೆ ಬರುವವರು, ಬೆಂಗಳೂರಿನ ಬಾಡಿಗೆ ತಡೆಯಲಾರದೆ ದಿನಾ ರೈಲು ಹಿಡಿಯುವವರು ಎಲ್ಲರಿಗೂ ಇಲ್ಲೇ ಮನೆ ಬೇಕು. ಹೋದ ತಿಂಗಳ ರೇಟನ್ನು ಈ ತಿಂಗಳು ಹೇಳಿದರೆ ಓನರುಗಳು ನಗುತ್ತಿದ್ದರು. ಇಂಥ ಕಾಲದಲ್ಲಿ ಒಂದು ಮನೆ ಮುಳ್ಳು ಹೊದ್ದು ಮಲಗಿದರೆ ರಾಮಲಿಂಗಯ್ಯನ ಹೊಟ್ಟೆ ಉರಿಯದೆ ಇರುತ್ತದೆಯೇ? ಪುರೋಹಿತರ ಮಾತನ್ನೂ ಮೀರಬಾರದು, ಬಾಡಿಗೆಯೂ ಬರಬೇಕು. ಯೋಚಿಸಿ ಯೋಚಿಸಿ ಕೊನೆಗೆ ಅವನಿಗೆ ಹೊಳೆದದ್ದು ದೊಡ್ಡಲಕ್ಷ್ಮಮ್ಮ.

ಅವಳು ನಿಯಾಜ್ ಸಾಬರ ಯೂನಿಟ್ಟಿನಲ್ಲಿ ಕುದಿನೀರಿನ ತೊಟ್ಟಿಯ ಮುಂದೆ ಕೂತು ಗೂಡಿನಿಂದ ರೇಷ್ಮೆ ಎಳೆ ತೆಗೆಯುವ ಕೆಲಸ ಮಾಡುತ್ತಿದ್ದಳು. ಗಂಡ ಅಂಕಯ್ಯ ಗೂಡಿನ ಮಾರ್ಕೆಟ್ಟಿನಲ್ಲಿ ಹಮಾಲಿ. ಯೂನಿಟ್ಟಿನ ಹಿಂದಿನ ತಗಡಿನ ಶೆಡ್ಡಿನಲ್ಲಿ ಇಬ್ಬರೂ ಹೇಗೋ ಇದ್ದರು. ಆದರೆ ಮಗಳು ಮಮತಾ ಬಸುರಿಯಾಗಿದ್ದಳು. ಅಳಿಯ ಅಶೋಕ್ ಬಿಡದಿಯಲ್ಲಿ ಕಾಂಟ್ರಾಕ್ಟ್ ಕೆಲಸಕ್ಕೆ ಸೇರಿ, ಹುಡುಗರ ಜೊತೆ ಒಂದೇ ರೂಮಿನಲ್ಲಿ ಇದ್ದ. ಬಾಣಂತನ ಅಂದರೆ ನಾಲ್ಕು ಗೋಡೆ, ಒಂದು ಬಚ್ಚಲು ಬೇಕಲ್ಲ. ಅದಕ್ಕೆಂದು ಗಂಡ ಹೆಂಡತಿ ಊರೆಲ್ಲ ಸುತ್ತಿದ್ದರು. ಎಲ್ಲಿ ಹೋದರೂ ಮೊದಲು ವೆಜ್ಜಾ ನಾನ್‌ವೆಜ್ಜಾ ಎಂದು ಕೇಳುವರು. ಆಮೇಲೆ ಯಾವ ಊರು. ಆಮೇಲೆ ಊರಲ್ಲಿ ಯಾವ ಬೀದಿ. ಬೀದಿಯ ಮಾತು ಬರುವ ಹೊತ್ತಿಗೆ ಆ ಮನೆ ಯಾರಿಗೋ ಕೊಟ್ಟಾಗಿರುತ್ತಿತ್ತು.

"ನಮ್ಗೆ ಹೆಸ್ರು ಕೇಳ್ದೇಟ್ಗೇ ಮನೆ ಕೊಟ್ಟಾಯ್ತು ಅಂತಾರಕ್ಕ," ಎಂದು ಪಕ್ಕದ ತೊಟ್ಟಿಯ ಅನೀಸಾ ನಕ್ಕಿದ್ದಳು. "ನಿಮ್ಮನ್ನ ಮೂರ್ ಮಾತಾರ ಆಡ್ಸಿ ಕಳಿಸ್ತಾರೆ."

ಹೀಗಿರುವಾಗ ರಾಮಲಿಂಗಯ್ಯ ತಾನಾಗಿ ಬಂದು, ಅಡ್ವಾನ್ಸ್ ಬೇಡ, ಅರ್ಧ ಬಾಡಿಗೆ ಕೊಡಿ ಸಾಕು ಎಂದ. ಜೊತೆಗೆ ಒಂದು ಮಾತು ಸೇರಿಸಿದ.

"ಯಾರಾರ ಕೇಳುದ್ರೆ ನಮ್ಮ ಪೈಕಿಯೋರೇ ಅನ್ನಿ. ಹೊಂಗನೂರ್ ಕಡೆ ನೆಂಟ್ರು ಅಂತ ನಾನೂ ಹೇಳಿರ್ತೀನಿ. ಬೀದೀಲಿ ಬಾಯ್ ಬುಟ್ಟೀರಿ, ಜ್ವಾಕೆ."

ಮಮತಾಗೆ ಮೈ ಉರಿದುಹೋಯಿತು. "ನಾನು ಬಿ.ಕಾಂ. ಓದಿದ್ದು ಅವ್ನ ನೆಂಟ್ರು ಅಂತ ಹೇಳ್ಕಂಡ್ ತಿರ್ಗಕ್ಕಾ ಅವ್ವಾ?"

"ಬಾಣಂತನ ಮುಗೀಲಿ. ಆಮೇಕೆ ನಿನ್ ಬಿಕಾಮ್ ಆಚೆ ತಗಿ," ಎಂದಳು ತಾಯಿ.

ದೋಷ ತಟ್ಟುವುದಿಲ್ಲ ಎಂದು ರಾಮಲಿಂಗಯ್ಯ ಯಾವ ಬಾಯಲ್ಲಿ ಹೇಳಿದನೋ. ದೊಡ್ಡಲಕ್ಷ್ಮಮ್ಮನಿಗೆ ಜೀವ ಕೈಯಲ್ಲಿತ್ತು. ಬಸುರಿ ಮಗಳನ್ನು ಕಟ್ಟಿಕೊಂಡು ಸಾವಿನ ಮನೆಗೆ ಕಾಲಿಟ್ಟ ಯಾವ ತಾಯಿಗೆ ಹೆದರಿಕೆ ಇರುವುದಿಲ್ಲ? ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದಳು. ಮಗಳ ದಿಂಬಿನ ಕೆಳಗೆ ಕುಡುಗೋಲು ಇಟ್ಟಳು. ಕೆಂಗಲ್ ಆಂಜನೇಯನ ಗುಡಿಯಿಂದ ದಾರ ತಂದು ಕಟ್ಟಿದಳು. ಅಂಕಯ್ಯ ಬೀಡಿ ಸೇದಿ ಕೆಮ್ಮಿದರೂ ಸತ್ತ ಕಂಡಕ್ಟರೇ ಕೆಮ್ಮಿದನೆಂದು ಎದ್ದು ಕೂರುತ್ತಿದ್ದಳು. ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಹೆದರುವುದಕ್ಕೂ ಒಂದು ಯೋಗ್ಯತೆ ಬೇಕು ಅನ್ನುವಂತೆ ಆ ಮನುಷ್ಯ ಮಾತಾಡಿ ಹೋಗಿದ್ದ.

ಆಷಾಢ ಹಿಡಿದ ಮೇಲೆ ಮಮತಾಗೆ ನೋವು ಬಂತು. ದೊಡ್ಡಾಸ್ಪತ್ರೆಗೆ ಆಟೋ ಕರೆಯಲು ಹೋದ ಅಂಕಯ್ಯ ಮರಳಿ ಬರುವಷ್ಟರಲ್ಲಿ ಕೂಸು ಅದೇ ನಡುಮನೆಯಲ್ಲಿ ಹುಟ್ಟಿಬಿಟ್ಟಿತ್ತು. ಹೆಣ್ಣು. ಅದರ ಅಳು ಕೇಳಿದ ಮೇಲೆ ದೊಡ್ಡಲಕ್ಷ್ಮಮ್ಮನ ಎದೆಯೊಳಗಿನ ಕಂಡಕ್ಟರ್ ಇಳಿದು ಹೋದ.

ಪುರುಡು ಕಳೆದ ಮರುದಿನ ರಾಮಲಿಂಗಯ್ಯ ಬಂದ. ಈ ಸಲ ಚರಂಡಿ ದಾಟಿ ಹೊಸ್ತಿಲವರೆಗೂ ಬಂದು, ಕತ್ತು ಚಾಚಿ ಒಳಗೆ ನೋಡಿದ.

"ಹೆಣ್ಣಾ? ಬಾಳ ಒಳ್ಳೇದಾಯ್ತು ಬುಡು. ನಮ್ ಮನೆಗೆ ಲಕ್ಷ್ಮಿ ಬಂದಂಗಾಯ್ತು," ಎಂದು ಸುಣ್ಣ ಹೊಡೆದ ಗೋಡೆಯನ್ನು ಎರಡು ಸಲ ತಟ್ಟಿದ. ಎತ್ತಿನ ಬೆನ್ನು ತಟ್ಟಿ ವ್ಯಾಪಾರ ಮಾಡುವವರ ಹಾಗೆ. ಹೆತ್ತವಳು ಹೇಗಿದ್ದಾಳೆ ಎಂದು ಕೇಳಲಿಲ್ಲ.

ಆಷಾಢದಲ್ಲಿ ಈ ಕಡೆ ಯಾರೂ ಮನೆ ಬದಲಾಯಿಸುವುದಿಲ್ಲ. ಆ ತಿಂಗಳು ಓನರುಗಳ ಬಾಯಿ ಒಣಗಿರುತ್ತದೆ. ಶ್ರಾವಣ ಹತ್ತಿರ ಬಂತೆಂದರೆ ಬೀದಿಬೀದಿಯ ಗೇಟುಗಳಿಗೆ ಬೋರ್ಡುಗಳು ಹತ್ತುತ್ತವೆ. ಒಂದು ಬೆಳಗ್ಗೆ ದೊಡ್ಡಲಕ್ಷ್ಮಮ್ಮ ಕೂಸಿನ ಬಟ್ಟೆ ಒಣಹಾಕಲು ಈಚೆ ಬಂದಾಗ ತಾವಿದ್ದ ಮನೆಯ ಕಿಟಕಿಗೇ ರಾಮಲಿಂಗಯ್ಯ 'ಮನೆ ಬಾಡಿಗೆಗೆ ಇದೆ' ಎಂಬ ತಗಡನ್ನು ತಂತಿಯಿಂದ ಬಿಗಿಯುತ್ತಿದ್ದ.

"ಇದೇನ್ ಓನರ್ರೇ?"

"ಏನಂದ್ರೇನು? ಶ್ರಾವಣ ಬತ್ತಾ ಐತೆ. ಡಬಲ್ ಕೊಡೋ ಪಾರ್ಟಿ ಬತ್ತಾವೆ. ನೀವು ಜಾಗ ಖಾಲಿ ಮಾಡಿ."

"ಬಾಣಂತಿ ಕಣ್ರೀ ನನ್ ಮಗ್ಳು. ಇನ್ನೂ ತಿಂಗ್ಳು ತುಂಬಿಲ್ಲ. ಮೂರ್ ತಿಂಗ್ಳು ಕಳೀಲಿ, ಹೊರಟೋಯ್ತೀವಿ. ಅಲ್ಲೀಗಂಟ ನೀವ್ ಕೇಳ್ದಷ್ಟೇ ಕೊಡ್ತೀವಿ, ನಾನೂ ಅವ್ರೂ ಇನ್ನೊಂದ್ ಪಾಳಿ ಮಾಡಾರ."

"ನೀವ್ ಡಬಲ್ ಕೊಟ್ರೂ ಬ್ಯಾಡ ಕಣಮ್ಮಿ. ನಿಮ್ಮನ್ನ ಮಡಿಕಂಡವ್ನೆ ಅಂತ ಗೊತ್ತಾದ್ರೆ ಅಕ್ಕಪಕ್ಕದ್ ಮನೆ ರೇಟೂ ಬಿದ್ದೋಯ್ತದೆ." ತಂತಿಯನ್ನು ತಿರುಚುತ್ತಲೇ ಅವನು ಮುಂದುವರಿಸಿದ. "ಬೀದೀಗೇನ್ ಬೀಳಬ್ಯಾಡಿ. ಚನ್ನಪಟ್ಟಣದಾಗೆ ನಮ್ ಭಾವಮೈದಂದು ಒಂದ್ ಮನೆ ಐತೆ. ಹೋದ್ ತಿಂಗ್ಳು ಅಲ್ಲೊಂದ್ ಹೆಣ್ಣು ನೇಣಾಕ್ಕಂಡ್ ಸತ್ತೋಯ್ತು. ಒಂದ್ ನಾಯೀನೂ ಅತ್ಲಾಗ್ ತಲೆ ಹಾಕ್ತಿಲ್ಲ. ನಿಮ್ ವಿಚಾರ ಹೇಳಿವ್ನಿ. ಅಲ್ಲೂ ಒಂದಾರ್ ತಿಂಗ್ಳು ಇದ್ಕೊಡಿ."

ಅವಳು ಒದ್ದೆ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಅವನ ಮುಂದೆ ಬಂದು ನಿಂತಳು.

"ಹಸೀ ಬಾಣಂತೀನ ಅಂಥಾ ಮನೆಗಾ?"

"ಅದ್ಕೇ ಹೇಳಿದ್ದು. ಒಂದ್ ಕೂಸು ಅಳೋ ಸದ್ದು ಕೇಳ್ಬುಟ್ರೆ ಜನ ಧೈರ್ಯವಾಗಿ ಬತ್ತಾರೆ. ಇಲ್ಲಿ ನೋಡ್ಲಿಲ್ವ?"

ಅಂಕಯ್ಯ ಅಂದಿನಿಂದ ಮಾರ್ಕೆಟ್ ಮುಗಿದ ಮೇಲೆ ಮೂಟೆ ಹೊತ್ತ ಬೆನ್ನಿನಲ್ಲೇ ಮನೆ ಹುಡುಕಲು ಹೋಗುತ್ತಿದ್ದ. ಮಾಗಡಿ ರಸ್ತೆಯ ಕಡೆ ಹೋದ, ಹಳೇ ಬಸ್‌ಸ್ಟ್ಯಾಂಡಿನ ಕಡೆ ಹೋದ. ಎಲ್ಲೂ ಸಿಗದೆ ಬಂದು ಕಾಲು ತೊಳೆದು ಉಣ್ಣಲು ಕೂರುತ್ತಿದ್ದ. ಯೂನಿಟ್ಟಿನಲ್ಲಿ ದೊಡ್ಡಲಕ್ಷ್ಮಮ್ಮನ ಕೈಯಲ್ಲಿ ಎಳೆ ಕಡಿದುಹೋಗುತ್ತಿತ್ತು. ಕುದಿನೀರಿಗೆ ಕೈ ಹಾಕಿದ್ದರೂ ಅವಳ ಮನಸ್ಸು ಮಾತ್ರ ಚನ್ನಪಟ್ಟಣದ ಆ ನೇಣಿನ ಮನೆಯ ಫ್ಯಾನಿನ ಕೆಳಗೆ ತೊಟ್ಟಿಲು ಕಟ್ಟುತ್ತಿತ್ತು. ಮಗಳಿಗೆ ಇದೆಲ್ಲ ಗೊತ್ತಾಗಿ ಹಾಲು ಬತ್ತಿದರೆ ಏನು ಗತಿ ಎಂದು ಒಳಗೊಳಗೇ ಬೇಯುತ್ತಿದ್ದಳು. ನೇಣಿನ ಮಾತನ್ನು ಮಗಳಿಗೆ ಹೇಳಿರಲಿಲ್ಲ.

ಭೀಮನ ಅಮಾವಾಸ್ಯೆಗೆ ಮುಂಚೆ ಒಂದು ಭಾನುವಾರ ರಾಮಲಿಂಗಯ್ಯ ಇಬ್ಬರು ಹೆಂಗಸರನ್ನು ಕರೆತಂದ. ಮಾಗಡಿಯವರು. ಸೊಸೆ ಸೌಮ್ಯಳಿಗೆ ರಾಮನಗರದ ಬ್ಯಾಂಕಿಗೆ ವರ್ಗವಾಗಿತ್ತು. ಮನೆ ಒಪ್ಪಬೇಕಾದವಳು ಅತ್ತೆ ವೆಂಕಟಲಕ್ಷ್ಮಮ್ಮ. ಆಗಷ್ಟೇ ಎಣ್ಣೆನೀರು ಆಗಿ, ಸಾಂಬ್ರಾಣಿ ಹಾಕಿ, ಕೂಸನ್ನು ಮೊರದಲ್ಲಿ ಮಲಗಿಸಿದ್ದರು.

"ನೋಡಿ ತಾಯಿ, ನಾನ್ ಹೇಳಿರ್ಲಿಲ್ವ? ಬಾಣಂತಿ ಕೂಸು ಇರೋ ಮನೆ. ಇವ್ರು ನಮ್ಮ ಪೈಕಿಯೋರೇ," ಎಂದ ರಾಮಲಿಂಗಯ್ಯ.

ವೆಂಕಟಲಕ್ಷ್ಮಮ್ಮ ಅಡುಗೆಮನೆ ನೋಡಿದಳು, ಬಚ್ಚಲು ನೋಡಿದಳು. ಬಂದು ಚಾಪೆಯ ಮೇಲೆ ಕೂತು ದೊಡ್ಡಲಕ್ಷ್ಮಮ್ಮನ ಕೈ ಹಿಡಿದು ಮೆಲ್ಲಗೆ ಕೇಳಿದಳು:

"ನಿಜ ಹೇಳಕ್ಕ. ಆ ಕಂಡಕ್ಟ್ರು ವಿಚಾರ ಬೀದಿ ತುದೀಲೇ ಯಾರೋ ಹೇಳುದ್ರು. ಒಳಗೇನಾರ ಐತಾ?"

ರಾಮಲಿಂಗಯ್ಯ ಕೆಮ್ಮಿದ. ಐತೆ ಅನ್ನುವ ಒಂದು ಮಾತು ಸಾಕಿತ್ತು. ಇಬ್ಬರೂ ಚಪ್ಪಲಿ ಹುಡುಕಿಕೊಂಡು ಓಡುತ್ತಿದ್ದರು. ಆದರೆ ಮೊಮ್ಮಗಳು ಕಣ್ಣು ಬಿಟ್ಟ ಜಾಗಕ್ಕೆ ಕೆಟ್ಟ ಹೆಸರು ಕಟ್ಟಲು ದೊಡ್ಡಲಕ್ಷ್ಮಮ್ಮನಿಗೆ ನಾಲಿಗೆ ಬರಲಿಲ್ಲ.

"ಏನೂ ಇಲ್ಲ ಕಣವ್ವ. ಒಳ್ಳೆ ಮನೆ," ಎಂದಳು.

ರಾಮಲಿಂಗಯ್ಯನ ಮುಖ ಅರಳಿತು. "ನಾಳಿದ್ದೇ ಖಾಲಿ ಮಾಡ್ಸಿ ಪೇಂಟ್ ಹೊಡಿಸ್ಬುಡ್ತೀನಿ ತಾಯಿ. ಇವ್ರು ಚನ್ನಪಟ್ಟಣಕ್ಕೆ ಹೋಯ್ತಾರೆ. ಅಲ್ಲಿ ನೇಣಾಕ್ಕಂಡಿದ್ದ ಮನೆ ಒಂದೈತಲ್ಲ, ನಮ್ ಭಾವಮೈದಂದು, ಅದ್ಕೆ. ಇವ್ರಿಗೆ ಅಂಥದ್ದೆಲ್ಲ ಏನೂ ಆಗಾಕಿಲ್ಲ."

ಮಮತಾ ತಲೆಗೆ ಕಟ್ಟಿದ್ದ ಬಟ್ಟೆಯನ್ನು ಹಿಡಿದುಕೊಂಡು ತಾಯಿಯನ್ನು ನೋಡಿದಳು.

ವೆಂಕಟಲಕ್ಷ್ಮಮ್ಮನಿಗೆ ಇದಾವುದೂ ಕಿವಿಗೆ ಬಿದ್ದಂತಿರಲಿಲ್ಲ. ಮನೆ ಒಪ್ಪಿಗೆಯಾದ ಖುಷಿಯಲ್ಲಿ ಕೂಸನ್ನು ಮೊರದಿಂದ ಎತ್ತಿ ಮಡಿಲಿಗೆ ಹಾಕಿಕೊಂಡಳು. ಗಲ್ಲ ಮುಟ್ಟಿ ಮುಟ್ಟಿ ಆಡಿಸಿದಳು.

"ಯಾರ್ ಕೂಸಮ್ಮಿ ನೀನು? ಹಾ? ಯಾರ್ ಕೂಸು?"

"ನಮ್ ಕೂಸೇ ಅನ್ನಿ," ಎಂದು ರಾಮಲಿಂಗಯ್ಯ ನಕ್ಕ.

"ಹೊಲೇರ ಕೂಸು ಕಣವ್ವ," ಎಂದಳು ದೊಡ್ಡಲಕ್ಷ್ಮಮ್ಮ. "ಇವ್ರ ಪೈಕಿಯೋರೂ ಅಲ್ಲ, ಹೊಂಗನೂರೂ ಅಲ್ಲ. ನಮ್ದು ಅಕ್ಕೂರು. ಊರಾಚೆ ಬೀದಿ."

ಗಲ್ಲದ ಮೇಲಿದ್ದ ಬೆರಳು ಅಲ್ಲೇ ನಿಂತಿತು. ಕೂಸು ಆ ಬೆರಳನ್ನು ಹಿಡಿದುಕೊಂಡಿತ್ತು.

"ಅಯ್ಯೋ, ಅದ್ಕೇನಂತೆ ಬುಡಿ," ಎಂದಳು ವೆಂಕಟಲಕ್ಷ್ಮಮ್ಮ. "ಈಗ್ಲೂ ಯಾರ್ ಅದೆಲ್ಲ ನೋಡ್ತಾರೆ." ಬೆರಳನ್ನು ಮೆಲ್ಲಗೆ ಬಿಡಿಸಿಕೊಂಡಳು. "ಹಾಲು ಕುಡಿಯೋ ಹೊತ್ತಾಗೈತೆ ಅನ್ಸುತ್ತೆ, ಹಿಡಿಯವ್ವ." ಕೂಸನ್ನು ಮಮತಾಳ ಕೈಗೆ ಕೊಡದೆ ಮೊರದಲ್ಲೇ ಇಟ್ಟಳು. ಎದ್ದು ನಿಂತು ಎರಡೂ ಕೈಯನ್ನು ಮೈಯಿಂದ ಒಂದಿಷ್ಟು ದೂರ ಹಿಡಿದುಕೊಂಡೇ ಬಾಗಿಲ ಕಡೆ ನಡೆದಳು.

"ನಮಗೇನೂ ಪ್ರಾಬ್ಲಂ ಇಲ್ಲ," ಎಂದು ಸೌಮ್ಯ ಯಾರ ಮುಖವನ್ನೂ ನೋಡದೆ ಹೇಳಿದಳು. "ದೇವರ ಮನೆ ಸ್ವಲ್ಪ ಚಿಕ್ಕದಾಯ್ತು, ಅಷ್ಟೆ. ಇನ್ನೊಂದೆರಡು ಮನೆ ನೋಡಿ ಫೋನ್ ಮಾಡ್ತೀವಿ ಸರ್."

ಅವರ ಸ್ಕೂಟಿ ತಿರುವು ದಾಟುವವರೆಗೂ ರಾಮಲಿಂಗಯ್ಯ ಹಲ್ಲು ಕಿಸಿದುಕೊಂಡೇ ಇದ್ದ. ಆಮೇಲೆ ತಿರುಗಿದ.

"ಲೇ ಮುಂಡೆ, ನಿಂಗೇನೇ ಬಂದಿತ್ತು ದೊಡ್ರೋಗ? ಸಾವಿನ್ ದೋಷ ಆದ್ರೆ ಆರ್ ತಿಂಗ್ಳಿಗೆ ಹೋಯ್ತದೆ. ಇದು ಹೋದಾತೇನೇ ಲೌಡಿ? ಇನ್ ಯಾವೋನ್ ಬತ್ತಾನೆ ಈ ಮನೆಗೆ?"

"ಯಾರೂ ಬರಾಕಿಲ್ಲ," ಎಂದಳು ಅವಳು. "ಅದ್ಕೇ ನಾವೇ ಇರ್ತೀವಿ. ಬಾಡ್ಗೆ ಅವತ್ತು ಮಾತಾಡಿದ್ದೇ. ಬೋರ್ಡ್ ಬಿಚ್ಕಂಡೋಗಿ, ಕೂಸಿನ್ ಬಟ್ಟೆ ಒಣಾಕ್ಬೇಕು."

ಅವಳು ಒಳಗೆ ಹೋಗಿ ಒಗೆದ ಬಟ್ಟೆಯ ಬಕೆಟ್ಟನ್ನು ಹೊಸ್ತಿಲ ಮೇಲೆ ತಂದಿಟ್ಟಳು.

ಅವನು ಬೋರ್ಡು ಬಿಚ್ಚಲಿಲ್ಲ. ಮಹಡಿ ಹತ್ತಿ ಹೋಗಿ ಆ ಮನೆಗೆ ನೀರು ಬಿಡುವ ವಾಲ್ವ್ ತಿರುಗಿಸಿದ. ನಲ್ಲಿ ಎರಡು ಸಲ ಗೊರಗುಟ್ಟಿ ನಿಂತುಹೋಯಿತು. ಹೆಂಗ್ ಸ್ನಾನ ಮಾಡ್ತಾಳೋ ಬಾಣಂತಿ ನೋಡ್ತೀನಿ ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ. ಅದರ ಜೊತೆಗೆ ಅವರ ಜಾತಿಯನ್ನೂ ಕೂಗಿದ. ಇಷ್ಟು ದಿನ ಅದನ್ನು ಮುಚ್ಚಿಟ್ಟವನೂ ಅವನೇ.

"ಅವ್ವಾ, ನೀರು?" ಎಂದಳು ಮಮತಾ.

"ತತ್ತೀನಿ. ನೀನು ಕೂಸಿಗೆ ಹಾಲು ಕೊಡು."

"ನಾನೂ ಬತ್ತೀನಿ."

"ಬಾಣಂತಿ ಬೀದೀಗೆ ಬರಬಾರ್ದು. ಕೂತ್ಕೊ."

ಅವಳು ಎರಡು ಬಿಂದಿಗೆ ತೆಗೆದುಕೊಂಡು ಬೀದಿ ನಲ್ಲಿಗೆ ಹೋದಳು. ಆ ನಲ್ಲಿಗೆ ಅವಳು ಬಂದದ್ದು ಅದೇ ಮೊದಲು. ಹೆಂಗಸರು ಮಾತು ನಿಲ್ಲಿಸಿದರು. ನಲ್ಲಿಯ ಕೆಳಗೆ ಪಕ್ಕದ ಮನೆಯ ಭಾನುಪ್ರಿಯಳ ಕೊಡ ಇತ್ತು. ನಿನ್ನೆಯವರೆಗೂ ದಿನಾ ಬಂದು ಕೂಸನ್ನು ಎತ್ತಿ ಆಡಿಸಿ ಹೋಗುತ್ತಿದ್ದವಳು ಅವಳು. ದೊಡ್ಡಲಕ್ಷ್ಮಮ್ಮ ಹತ್ತಿರ ಬಂದದ್ದೇ ಅರ್ಧ ತುಂಬಿದ ಕೊಡವನ್ನು ಎತ್ತಿ ಸೊಂಟಕ್ಕಿಟ್ಟುಕೊಂಡು ಹಿಂದೆ ಸರಿದಳು. ನೀರು ಕಲ್ಲಿನ ಮೇಲೆ ಸುಮ್ಮನೆ ಬಿದ್ದು ಹರಿಯತೊಡಗಿತು.

"ಒಸಿ ತಡಿ, ನಮ್ದೆಲ್ಲ ಆಗ್ಲಿ. ಆಮೇಕೆ ಯಾರಾರ ಹುಯ್ಕೊಡ್ತಾರೆ," ಎಂದು ಹಿಂದಿನಿಂದ ಒಬ್ಬಳು ಹೇಳಿದಳು.

"ಯಾರೂ ಹುಯ್ಕೊಡೋದ್ ಬ್ಯಾಡ ಕಣಕ್ಕ. ನಂಗೂ ಕೈ ಅವೆ."

ಅವಳು ಬಿಂದಿಗೆಯನ್ನು ನಲ್ಲಿಯ ಕೆಳಗೆ ಇಟ್ಟಳು. ಮಹಡಿಯ ಮೇಲಿಂದ ರಾಮಲಿಂಗಯ್ಯ ನೋಡುತ್ತಿದ್ದ. ಹೆಂಗಸರು ನೋಡುತ್ತಿದ್ದರು. ಯಾರೂ ಮುಂದೆ ಬರಲಿಲ್ಲ, ಯಾರೂ ಮನೆಗೂ ಹೋಗಲಿಲ್ಲ. ಬಿಂದಿಗೆ ತುಂಬಿ ಹೊರಚೆಲ್ಲಿತು. ಅವಳು ಅದನ್ನು ಪಕ್ಕಕ್ಕಿಟ್ಟು ಎರಡನೆಯದನ್ನು ಇಟ್ಟಳು.